ಕುರು ಎಂದವಳು ನಾನೇ

ಅಕ್ಕನ ಎದೆಯಲ್ಲಿ ಸಿಕ್ಕ ಗಂಟನ್ನು ಮೊದಲು ಕುರು ಎಂದು ಕರೆದವಳು ನಾನೇ. ಪಂಡಿತನ ಮೇಲೂ ಭಾವನ ಮೇಲೂ ನನಗಿರುವ ಸಿಟ್ಟನ್ನು ಬರೆಯುವ ಮುಂಚೆ ಇದನ್ನು ಒಪ್ಪಿಕೊಳ್ಳಬೇಕು.

ಆ ದಿನ ಫೋರ್ಟ್‌ನ ನನ್ನ ಬ್ಯಾಂಕಿಗೆ ಅರ್ಧ ದಿನ ರಜೆ ಹಾಕಿ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಮುಟ್ಟಿ ನೋಡಿ, ಅಕ್ಕನತ್ತ ತಿರುಗದೆ, ನನ್ನೊಡನೆ ಇಂಗ್ಲಿಷಿನಲ್ಲಿ ಮಾತಾಡಿದರು. ಬಹುಶಃ ಕ್ಯಾನ್ಸರ್, ಈ ವಾರವೇ ಬಯಾಪ್ಸಿ ಆಗಬೇಕು ಎಂದರು. ಎರಡು ನಿಮಿಷವೂ ಆಗಿರಲಿಲ್ಲ, ಮುಂದಿನವರನ್ನು ಕರೆದರು.

ಹೊರಗೆ ಬೆಂಚಿನ ಮೇಲೆ ಅಕ್ಕ ಕೇಳಿದಳು, "ಎಂತ ಹೇಳಿದ್ರು?"

ಆ ಶಬ್ದ ನನ್ನ ಬಾಯಿಂದ ಹೊರಡಲಿಲ್ಲ. "ಕುರುವಿನ ಹಾಗೆ ಒಂದು ಗಂಟಂತೆ. ಸೂಜಿ ಹಾಕಿ ನೋಡ್ಬೇಕಂತೆ" ಎಂದೆ.

ನಮ್ಮ ಕಡೆ ಕುರುವನ್ನು ಯಾರೂ ಕೊಯ್ಯಿಸುವುದಿಲ್ಲ. ಸುಣ್ಣ ಬೆಲ್ಲ ಹಚ್ಚಿ ಹಣ್ಣಾಗಲು ಬಿಡುತ್ತಾರೆ, ಒಡೆದರೆ ಗುಣವಾಯಿತು ಎನ್ನುತ್ತಾರೆ. ಇದು ಗೊತ್ತಿದ್ದೂ ಹಾಗೆಂದೆ.

ಸಂಜೆ ಭಾವನಿಗೆ ಮಾತ್ರ ನಿಜ ಹೇಳಿದೆ. ಅವರು ಮಾಟುಂಗದ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಕೂರುವವರು. ಊರಿನಿಂದ ತಿಂಗಳಿಗೊಮ್ಮೆ ಬಂದು ಸ್ಟೇಷನ್ ಹತ್ತಿರದ ಬಾಡಿಗೆ ಕೋಣೆಯಲ್ಲಿ ಮದ್ದು ಕೊಡುವ ಪಂಡಿತನ ಸುದ್ದಿ ಗಿರಾಕಿಗಳ ಬಾಯಿಂದ ದಿನವೂ ಅವರ ಕಿವಿಗೆ ಬೀಳುತ್ತಿತ್ತು. ಡಾಕ್ಟರುಗಳು ಮೊದಲು ಹೆದರಿಸುತ್ತಾರೆ, ಸೂಜಿ ಚುಚ್ಚಿದರೆ ಮೈಯೆಲ್ಲ ಹರಡುತ್ತದೆ ಎಂದರು ಭಾವ. "ಅವಳಿಗೆ ಹೇಳ್ಬೇಡ ಮಾರಾಯ್ತಿ, ಹೆದರಿಯೇ ಸಾಯ್ತಾಳೆ. ಕುರು ಅಂತಲೇ ಇರ್ಲಿ."

ಪಂಡಿತ ಎಲೆಯ ಲೇಪ ಕೊಟ್ಟ, ಕಷಾಯ ಕೊಟ್ಟ, ಮೀನು ಬಿಡಿಸಿದ. ಬಂಗುಡೆಯಿಲ್ಲದೆ ಗಂಜಿ ಇಳಿಯದ ಅಕ್ಕ ಐದು ತಿಂಗಳು ಮೀನು ಮುಟ್ಟಲಿಲ್ಲ. ನಾನು ಎರಡು ಸಲ ಭಾವನ ಬಳಿ ಬಯಾಪ್ಸಿಯ ಮಾತೆತ್ತಿ, ಅವರ ಸಂಸಾರ, ಅವರಿಷ್ಟ ಎಂದು ಸುಮ್ಮನಾದೆ. ಒಂದು ಸಲವಂತೂ ಲೇಪದ ಡಬ್ಬಿಯನ್ನು ಮಾಟುಂಗದಿಂದ ಕುರ್ಲಾಕ್ಕೆ ಲೋಕಲ್‌ನಲ್ಲಿ ನಾನೇ ತಂದುಕೊಟ್ಟೆ.

ಒಂದು ಭಾನುವಾರ ಬೆಳಿಗ್ಗೆ ಕುರ್ಲಾದ ಅವರ ಚಾಳಿನ ಮೆಟ್ಟಿಲು ಹತ್ತುತ್ತಿದ್ದಾಗ ಭಾವ ಮೇಲಿನಿಂದಲೇ ನಗುತ್ತಾ ಹೇಳಿದರು, "ಒಡೀತು. ನಾ ಹೇಳಿರ್ಲಿಲ್ವಾ?"

ಒಳಗೆ ಕೊಳೆತ ವಾಸನೆ. ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ರವಿಕೆ ಒದ್ದೆಯಾಗಿತ್ತು, ಮುಖದಲ್ಲಿ ನೆಮ್ಮದಿಯಿತ್ತು. ವಿಷ ಹೊರಗೆ ಬರುತ್ತಿದೆ, ಲೇಪ ಇನ್ನೂ ದಪ್ಪ ಹಚ್ಚಿ ಎಂದು ಪಂಡಿತ ಫೋನಿನಲ್ಲಿ ಹೇಳಿದ್ದನಂತೆ. ನಾನು ಬಟ್ಟೆ ಸರಿಸಿದೆ. ಒಣಗಿದ ಲೇಪದ ಜೊತೆ ಏನೋ ಕಿತ್ತು ಬಂತು, ರಕ್ತ ಹರಿಯತೊಡಗಿತು.

ಒಂದು ಟವೆಲ್ ತೊಯ್ದಿತು, ಇನ್ನೊಂದೂ ತೊಯ್ದಿತು. ರಿಕ್ಷಾದಲ್ಲಿ ಎರಡೂ ಕೈಯಿಂದ ಒತ್ತಿ ಹಿಡಿದಿದ್ದೆ. ಸಿಗ್ನಲ್‌ನಲ್ಲಿ ನಿಂತಾಗಲೆಲ್ಲ ಬೆರಳ ಸಂದಿಯಿಂದ ಬಿಸಿಯಾಗಿ ಜಿನುಗುವುದು ತಿಳಿಯುತ್ತಿತ್ತು. ಈಗಲೂ ಲೋಕಲ್‌ನ ಜಂಗುಳಿಯಲ್ಲಿ ಯಾರದೋ ಬೆವರಿದ ತೋಳು ಅಂಗೈಗೆ ತಾಗಿದರೆ ನಾನು ಮತ್ತೆ ಆ ರಿಕ್ಷಾದಲ್ಲಿರುತ್ತೇನೆ.

ಆಸ್ಪತ್ರೆಯಲ್ಲಿ ರಕ್ತ ನಿಲ್ಲಿಸಿದ ಡಾಕ್ಟರು ಅಕ್ಕನನ್ನೇ ಬೈದರು, "ಇತನೇ ದಿನ್ ಸೋ ರಹೀ ಥೀ ಕ್ಯಾ?"

ನನಗೆ ಮೈ ಉರಿದುಹೋಯಿತು. ಇಷ್ಟು ದಿನ ಮಲಗಿದ್ದೆಯಾ ಎಂದು ಕೇಳುತ್ತಾರಲ್ಲ, ಅವಳು ಮಲಗಿರಲಿಲ್ಲ. ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದ್ದಳು. ಇಂಥದೇ ಒಂದು ಕೋಣೆಯಲ್ಲಿ ಅವಳ ಕಾಯಿಲೆಯನ್ನು ಅವಳಿಗೆ ಅರ್ಥವಾಗದ ಭಾಷೆಯಲ್ಲಿ ಎರಡು ನಿಮಿಷಕ್ಕೆ ಮುಗಿಸಿ ಕಳಿಸಿದ್ದರು. ಪಂಡಿತನಾದರೆ ಎದುರಿಗೆ ಅರ್ಧ ಗಂಟೆ ಕೂತು, ಊರಿನ ಸುದ್ದಿಯೆಲ್ಲ ವಿಚಾರಿಸಿ, ಅವಳ ಭಾಷೆಯಲ್ಲೇ ಸುಳ್ಳು ಹೇಳಿದ್ದ. ರೋಗಿಗಳು ನಾಟಿ ಮದ್ದನ್ನು ಏಕೆ ಆರಿಸಿಕೊಳ್ಳುತ್ತಾರೆ ಎಂದು ಓದಿದವರು ತಲೆಯಾಡಿಸಿ ಕೇಳುವುದುಂಟು, ನಾನೂ ಕೇಳಿದ್ದೇನೆ. ಅಕ್ಕ ಯಾವುದನ್ನೂ ಆರಿಸಿಕೊಳ್ಳಲಿಲ್ಲ. ಅವಳ ಪರವಾಗಿ ನಾವು ಆರಿಸಿದೆವು, ಅದೂ ಅವಳ ಕಾಯಿಲೆಯ ಹೆಸರನ್ನೇ ಮುಚ್ಚಿಟ್ಟು. ಪಂಡಿತ ಭಾವನ ಫೋನನ್ನು ಮತ್ತೆ ಎತ್ತಲಿಲ್ಲ. ಮರುತಿಂಗಳು ಅದೇ ಕೋಣೆಗೆ ಬಂದ; ಹೊರಗೆ ಎಂದಿನಂತೆ ಸಾಲಿತ್ತು.

ಬಯಾಪ್ಸಿಯಲ್ಲಿ ಕ್ಯಾನ್ಸರ್ ಖಚಿತವಾಗಿ ಕೀಮೋ ಶುರುವಾದಾಗಲೂ ಅಕ್ಕನಿಗೆ ಗಂಟು ಕರಗಿಸುವ ಮದ್ದು ಎಂದಷ್ಟೇ ಹೇಳಿ, ಕಾಗದಕ್ಕೆ ಭಾವನೇ ಸಹಿ ಹಾಕಿದ್ದರು. ನಾಲ್ಕು ಕೀಮೋ ಆದ ಮೇಲೆ, ಗಂಟು ಕುಗ್ಗಿದೆ, ಆಪರೇಷನ್ ಮಾಡಬಹುದು ಎಂದರು ಡಾಕ್ಟರು. ಈ ಸಲ ಒಪ್ಪಿಗೆಯ ಕಾಗದಕ್ಕೆ ಅಕ್ಕನದೇ ಸಹಿ ಬೇಕಿತ್ತು. ಆಗ ಮೊದಲ ಸಲ ನಾನು ಅವಳೆದುರು ಕೂತು, ಇದು ಕ್ಯಾನ್ಸರ್ ಎಂದೆ.

"ಗೊತ್ತುಂಟು" ಎಂದಳು. "ಕೀಮೋ ಹಾಕುವಾಗ ಪಕ್ಕದ ಬೆಡ್ಡಿನ ಮರಾಠಿ ಹೆಂಗ್ಸು ಹೇಳಿದ್ಲು. ನೀವಿಬ್ರು ಮೊದಲೇ ಹೇಳಿದ್ರೆ ನಾ ಆ ಲೇಪ ಹಚ್ಚಿಕೊಳ್ತಾ ಕೂರ್ತಿದ್ನಾ?"

ಪಕ್ಕದಲ್ಲಿ ನಿಂತಿದ್ದ ಭಾವ ಪೆನ್ನನ್ನು ಅವಳ ಮುಂದಿಟ್ಟರು. ನಾನು ಸಹಿ ಹಾಕುವ ಜಾಗ ತೋರಿಸಿದೆ. ಅಕ್ಕ ಪೆನ್ನು ಮುಟ್ಟಲಿಲ್ಲ. ಕಾಗದದಲ್ಲಿ ಬರೆದದ್ದನ್ನೆಲ್ಲ ಕನ್ನಡದಲ್ಲಿ ಹೇಳು, ಆಮೇಲೆ ನೋಡುವ ಎಂದಳು.

ಒಂದೊಂದೇ ಸಾಲು ಹೇಳುತ್ತಾ ಹೋದೆ. ಪೂರ್ತಿ ಗುಣವಾಗುವ ಭರವಸೆ ಕೊಡಲಾಗುವುದಿಲ್ಲ ಎಂಬ ಸಾಲು ಬಂದಾಗ ನಿಲ್ಲಿಸಿದೆ.

"ಓದು" ಎಂದಳು ಅಕ್ಕ.

ಓದಿದೆ.