ವಾಟಿಯ ಮೇಲೆ ಮೂರು ಬೆರಳು

…ಅಥವಾ ಅದು ಎಡಗೈಯ ಹೆಬ್ಬೆರಳೇ ಇದ್ದೀತು. ಬಲಗೈ ಎಂದು ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ, ಕುಂಚ ಹಿಡಿಯುವ ಕೈ ಅದು ಎಂಬ ಒಂದೇ ಕಾರಣಕ್ಕೆ. ಉಗುರಿನ ಬಗ್ಗೆ ಮಾತ್ರ ನನಗೆ ಸಂಶಯವಿಲ್ಲ. ಉಳಿದ ಒಂಬತ್ತು ಉಗುರುಗಳನ್ನು ಮಟ್ಟಸವಾಗಿ ಕತ್ತರಿಸಿ ಅದೊಂದನ್ನು ಕಾಕಾ ಅರ್ಧ ಇಂಚು ಬೆಳೆಸಿದ್ದರು. ಅದರ ಅಂಚಿನಲ್ಲಿ ಸೀಮೆಎಣ್ಣೆಗೂ ಬಿಡದ ಕೆಂಪು ಬಣ್ಣ ಕೂತಿತ್ತು. ಬರೆಯುವಾಗ ಅಕ್ಷರದ ಅಂಚು ಕೂದಲೆಳೆಯಷ್ಟು ಆಚೆ ಹೋದರೆ ಆ ಉಗುರಿನಿಂದ ಹೆರೆದು ತೆಗೆಯುತ್ತಿದ್ದರು, ಹಾಲಿನ ಮೇಲಿನ ಕೆನೆ ತೆಗೆದಷ್ಟು ಹಗುರವಾಗಿ.

ಗಡಿಗೆ ಹತ್ತಿದ ಮರಾಠಿ ಸೀಮೆಯ ನಮ್ಮ ಯೆಣೆಗೂರಿನಲ್ಲಿ ಹೆದ್ದಾರಿಯ ಪಕ್ಕ, ಢಾಬಾದ ಗೋಡೆಗೆ ಆತುಕೊಂಡು ಅವರ ತಗಡಿನ ಶೆಡ್ಡು ಇತ್ತು. ನಾವೆಲ್ಲ ಅವರನ್ನು ಪೇಂಟರ್ ಕಾಕಾ ಎನ್ನುತ್ತಿದ್ದೆವು. ಹರೆಯದಲ್ಲಿ ಉದಗೀರಿನ ಟಾಕೀಸುಗಳಿಗೆ ಸಿನಿಮಾದ ದೊಡ್ಡ ದೊಡ್ಡ ಬೋರ್ಡು ಬರೆದವರು. ದೆವ್ವದ ಸಿನಿಮಾ ಬಂತೆಂದರೆ ಅವರಿಗೇ ಕರೆ. "ಎಲ್ಲಾ ಬರದು ಕಡೀಕ ಕಣ್ಣಾಗ ಒಂದು ಬಿಳೀ ಚುಕ್ಕಿ ಇಡ್ತೀವಲ್ಲ, ಅದರಿಂದಽ ಜೀವ ಬರೂದು," ಎನ್ನುತ್ತಿದ್ದರು. "ದೆವ್ವಕ್ಕ ಆ ಚುಕ್ಕಿ ಇಡಬಾರದು. ವಿದ್ಯಾ ಅಂದ್ರ ಅಷ್ಟಽ ನೋಡು. ಹಲ್ಲು, ರಕ್ತ, ಕೂದಲ, ಎಲ್ಲಾ ಸುಳ್ಳು." ಆಮೇಲೆ ಉಮರ್ಗಾಕ್ಕೂ ನಿಲಂಗಾಕ್ಕೂ ಫ್ಲೆಕ್ಸ್ ಬಂತು. ಕಾಕಾನಿಗೆ ಲಾರಿಗಳ ಬೆನ್ನು ಮಾತ್ರ ಉಳಿಯಿತು.

ನಾನು ಮರಾಠಿ ಶಾಲೆಯಲ್ಲಿ ಕಲಿತವನು. ಮನೆಯಲ್ಲಿ ಆಡುತ್ತಿದ್ದ ಕನ್ನಡವನ್ನು ಓದಲು ಬರುತ್ತಿರಲಿಲ್ಲ. ಗಡಿ ದಾಟುವ ಲಾರಿಗಳಿಗೆ ಕಾಕಾ ಎರಡೂ ಲಿಪಿಯಲ್ಲಿ ಬರೆಯುತ್ತಿದ್ದರು. ಕಾಯುವ ಹೊತ್ತಿನಲ್ಲಿ ಶೆಡ್ಡಿನ ತಗಡಿನ ಮೇಲೆ ಸೀಮೆಸುಣ್ಣದಿಂದ ನನಗೆ ಅಕ್ಷರ ಹಾಕಿಕೊಟ್ಟರು. ಇವತ್ತಿಗೂ ನನ್ನ ಅಕ್ಷರಗಳ ತಲೆಕಟ್ಟು ಲಾರಿಯ ಹಿಂಬದಿಯ ತಲೆಕಟ್ಟಿನಂತೆಯೇ ಇದೆ, ಬೇಡದಷ್ಟು ಅಗಲ.

ಕಾಲೇಜಿನ ದಿನಗಳಲ್ಲಿ ಮಧ್ಯಾಹ್ನ ಮೂರಕ್ಕೆ ಶೆಡ್ಡಿನಲ್ಲಿ ಸಿನಿಮಾ. ಬಣ್ಣದ ಡಬ್ಬಿಗೆ ಆನಿಸಿಟ್ಟ ಬೀರುವಿನ ಮೊಬೈಲೇ ಪರದೆ. ಬೀರು ಕುರಿ ಸಾಕುವವರ ಮನೆಯ ಹುಡುಗ, ನನ್ನ ಜೊತೆಗಾರ. ನಮ್ಮ ತರಗತಿಯ ಸವಿತಾ ಬರುತ್ತಿದ್ದಳು. ಕಾಕಾನ ಮಗಳೂ ಇರುತ್ತಿದ್ದಳು. ನಮಗಿಂತ ಎರಡು ವರ್ಷ ದೊಡ್ಡವಳು, ಅಕ್ಕ ಎನ್ನುತ್ತಿದ್ದೆವು. ದೆವ್ವದ ಸಿನಿಮಾದ ಹುಚ್ಚು ಹಚ್ಚಿದವಳೇ ಅವಳು. ಅದರಲ್ಲೂ ಅವಳಿಗೆ ಒಂದೇ ಬಗೆಯದು ಬೇಕು: ನಾಲ್ಕಾರು ಹುಡುಗ ಹುಡುಗಿಯರು ಅಕ್ಷರ ಬರೆದ ಹಲಗೆಯ ಸುತ್ತ ಕೂತು, ಒಂದು ಬಿಲ್ಲೆಯ ಮೇಲೆ ಬೆರಳಿಟ್ಟು, ಸತ್ತವರನ್ನು ಕರೆಯುವುದು. ಸತ್ತವರು ಬಂದು ಅಕ್ಷರದಿಂದ ಅಕ್ಷರಕ್ಕೆ ಬಿಲ್ಲೆ ಸರಿಸಿ ಉತ್ತರ ಹೇಳುವುದು. ಮುಗಿಸುವಾಗ ಅವರನ್ನು ಕಳಿಸಿಕೊಡದೆ ಬೆರಳು ಎತ್ತಬಾರದು. ಪ್ರತಿ ಸಿನಿಮಾದಲ್ಲೂ ಯಾರೋ ಒಬ್ಬರು ಎತ್ತುತ್ತಾರೆ.

ಕಾಕಾ ದಾರ ಕಟ್ಟಿದ ಚಷ್ಮಾ ಏರಿಸಿ ನೋಡುತ್ತ ಬೈಯುತ್ತಿದ್ದರು. "ಹನ್ನೆರಡು ಖೋಲಿ ಮನಿ, ಒಬ್ಬ ಮುದುಕಿ ಇಲ್ಲ ನೋಡು ಮನ್ಯಾಗ. ಮುದುಕಿ ಇದ್ದಿದ್ರ ಆ ಹಲಗಿ ಯಾವಾಗೋ ಒಲಿಗೆ ಹಾಕ್ತಿದ್ಳು."

"ಅಪ್ಪಾ, ಸುಮ್ಮ ನೋಡೋ," ಎನ್ನುತ್ತಿದ್ದಳು ಅಕ್ಕ.

"ಎಲ್ಲಾ ಸಾಲಿ ಕಲ್ತ ದೆವ್ವಽ ಬರ್ತಾವಲ್ಲ ಇವರಿಗೆ. ನಮ್ಮೂರಾಗ ಸತ್ತವರೊಳಗ ಅರ್ಧಾ ಮಂದಿಗೆ ಅಕ್ಷರ ಬರ್ತಿದ್ದಿಲ್ಲ. ಅವರೇನು ಮಾಡಬೇಕು, ಹೆಬ್ಬಟ್ಟು ಒತ್ತಬೇಕೇನು?"

ಅಕ್ಕ ನಕ್ಕು ನಕ್ಕು ಓಢಣಿ ಬಾಯಿಗೆ ತುರುಕಿಕೊಂಡಳು. ಬೀರು ಬಿಡಲಿಲ್ಲ. "ಬರ್ತಾರ ಕಾಕಾ. ನಮ್ಮಜ್ಜನ ಮೈಯಾಗ ಬೀರಪ್ಪ ಬರ್ತಾನ, ನಾ ನೋಡೀನಿ."

"ಕಾಯ್ ರೇ ಬೀರ್ಯಾ, ಅಂವಾ ದೇವರು. ದೇವರು ಬರ್ಲಿ, ಬ್ಯಾಡ ಅಂದಾವ್ರ್ಯಾರು? ಸತ್ತವರು ಬರಬಾರದು. ನಮ್ಮಲ್ಲಿ ಕುಂದ್ರಿಸಿ, ಕೈಯಾಗ ಲಿಂಗ ಕೊಟ್ಟು ಮಣ್ಣು ಮಾಡ್ತಾರ. ಲಿಂಗದಾಗ ಕೂಡಿದವರು ಹೊಳ್ಳಿ ಬರೂದೆಲ್ಲಿಂದ?"

ಈ ಮಾತನ್ನು ಅವರು ಇಷ್ಟು ಸ್ಪಷ್ಟವಾಗಿ, ಒಂದೇ ಉಸಿರಿನಲ್ಲಿ ಹೇಳಿದರೇ? ಗೊತ್ತಿಲ್ಲ. ಆಮೇಲೆ ನಡೆದದ್ದಕ್ಕೆ ಹೊಂದುವಂತೆ ನಾನೇ ಜೋಡಿಸಿರಬಹುದು. ಲಿಂಗದ ಮಾತು ಮಾತ್ರ ಬಂದಿತ್ತು, ಯಾಕೆಂದರೆ ಅಕ್ಕ ಕೊರಳಿನ ಲಿಂಗದಕಾಯಿ ಹೊರತೆಗೆದು, "ಮತ್ತ ನಾ ಬರಂಗಿಲ್ಲ ಬಿಡ್ರಿ, ನನ್ನ ಬಲ್ಲಿ ಪಾಸ್ ಅದ," ಎಂದು ಅದನ್ನು ಬಸ್ ಪಾಸಿನಂತೆ ಆಡಿಸಿ ತೋರಿಸಿದ್ದಳು.

ಕರೋನಾದ ಎರಡನೆಯ ಬೇಸಿಗೆಯಲ್ಲಿ ಅವಳು ತೀರಿಕೊಂಡಳು. ದೂರದ ಊರಿನ ಆಸ್ಪತ್ರೆ. ಒಳಗೆ ಸೇರಿಸಿಕೊಳ್ಳುವಾಗ ಕಿವಿಯೋಲೆ, ಗಡಿಯಾರ, ಲಿಂಗ ಬಿಚ್ಚಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಾಕಾನ ಕೈಗೆ ಕೊಟ್ಟರು. ಒಂಬತ್ತನೆಯ ದಿನ ಫೋನು ಬಂತು. ದೇಹ ಕೊಡುವ ಹಾಗಿರಲಿಲ್ಲ, ಆಗಿನ ನಿಯಮ ಅದು. ಬೇರೆಯವರ ಜೊತೆ ಅವಳನ್ನೂ ಸುಟ್ಟರು. ಕಾಕಾ ಕಾಂಪೌಂಡಿನ ಹೊರಗೆ ನಿಂತು ಹೊಗೆ ನೋಡಿ ಬಂದರು. ಬಂದವರು ನನ್ನ ಮುಂದೆ ಅಂದದ್ದು ಇಷ್ಟೇ: "ಕುಂದ್ರಿಸಲಿಲ್ಲಪಾ. ಮಲಗಿಸಿ ಸುಟ್ರು."

ಅದಾದ ಮೇಲೆ ಅವರು ಅವಳ ಮುಖವನ್ನು ಒಂದು ಹಾರ್ಡ್‌ಬೋರ್ಡಿನ ಮೇಲೆ ಬರೆದು ಶೆಡ್ಡಿನ ಒಳಗೋಡೆಗೆ ತೂಗಿದರು. ಚೆನ್ನಾಗಿತ್ತು. ಕಣ್ಣುಗಳಲ್ಲಿ ಬಿಳಿ ಚುಕ್ಕಿ ಇರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ನಾವು ಮೂವರು ಮೊಬೈಲಿನಲ್ಲಿ ಒಂದು ಚಿಕ್ಕ ಸಿನಿಮಾ ಮಾಡಲು ಹೊರಟೆವು. ಕಥೆ ಅಂಥದ್ದೇ, ಹಲಗೆ, ಬೆರಳು, ಬಂದ ದೆವ್ವ. ಅಕ್ಕನ ನೆನಪಿಗೆ ಎಂದು ಸವಿತಾ ಹೇಳಿದಳು, ಅಥವಾ ನಾನು ಹೇಳಿದೆ. ಕಾಕಾನಿಗೆ ತಿಳಿಯದಂತೆ ಮಾಡಬೇಕು ಎಂದುಕೊಂಡಿದ್ದೆವು, ಆದರೆ ತಿಳಿಯಿತು. ತಾವೇ ಬಂದರು. "ಹಲಗಿ ನಾ ಬರದು ಕೊಡ್ತೀನಿ. ನಿಮ್ಮ ಕಾಗೆ ಕಾಲು ಗುಬ್ಬಿ ಕಾಲು ಅಕ್ಷರ ನೋಡಿ ಯಾವ ದೆವ್ವಾನೂ ಬರಂಗಿಲ್ಲ."

ಹಳೆಯ ಕೇರಂ ಬೋರ್ಡಿನ ಮೇಲೆ ಮರಾಠಿ ಅಕ್ಷರಗಳನ್ನು ಕಮಾನಿನಂತೆ ಬರೆದರು, ಕೆಳಗೆ ಒಂದು ಮೂಲೆಗೆ ಹೌದು, ಇನ್ನೊಂದಕ್ಕೆ ಇಲ್ಲ. ಬಿಲ್ಲೆಯ ಬದಲು ಕಾಕಾನ ಹೆಂಡತಿ ಕಾಕುವಿನ ಅಡುಗೆಮನೆಯ ವಾಟಿ, ಸ್ಟೀಲಿನ ಚಿಕ್ಕ ಬಟ್ಟಲು, ಬೋರಲಾಗಿ. ಮೇ ತಿಂಗಳ ಎರಡು ಗಂಟೆಯ ಬಿಸಿಲು. ರಾತ್ರಿ ಬೇಕಾಗಿತ್ತು, ಅದಕ್ಕೆ ಗೊಬ್ಬರದ ಖಾಲಿ ಚೀಲಗಳಿಗೆ ಕಪ್ಪು ಬಳಿದು ಶೆಡ್ಡಿನ ಕಿಟಕಿಗಳಿಗೆ ಹೊಡೆದರು. ಒಳಗೆ ಕುಲುಮೆಯಾಯಿತು. ಮೊಬೈಲನ್ನು ಮೇಲಿನ ತೊಲೆಗೆ ಕಟ್ಟಿದ್ದೆವು, ಅದರ ಕಣ್ಣು ನೇರ ಹಲಗೆಯ ಮೇಲೆ. ಕಾಕಾ ಟಾರ್ಚಿಗೆ ಕೆಂಪು ಕಾಗದ ಸುತ್ತಿ ಹಿಡಿದು ನಿಂತರು.

ನಾವು ಬರೆದಿಟ್ಟ ಪ್ರಕಾರ ಮೂರು ಪ್ರಶ್ನೆ. ಸವಿತಾ ಕೇಳಬೇಕು, ಮೂವರೂ ಸೇರಿ ವಾಟಿಯನ್ನು ಸರಿಸಬೇಕು. ಮೂರನೆಯದು, "ನಿನಗೇನಾದರೂ ಬೇಕಾಗಿದೆಯೇ?" ಉತ್ತರ, ಹೌದು. ಹತ್ತು ಸಲ ರೂಢಿ ಮಾಡಿದ್ದೆವು. ಎರಡು ಪ್ರಶ್ನೆ ಸರಿಯಾಗಿ ನಡೆದವು. ಮೂರನೆಯದಕ್ಕೆ ಸವಿತಾ ಬಾಯಿ ತೆರೆಯುವ ಮುಂಚೆ ಬೆನ್ನ ಹಿಂದಿನಿಂದ ಕಾಕಾನ ದನಿ ಬಂತು, ಮಲಗಿದ ಮಗುವನ್ನು ಎಬ್ಬಿಸುವ ದನಿ.

"ಅವ್ವಾ, ನಿನ್ನ ಲಿಂಗ ನನ್ನ ಬಲ್ಲಿ ಅದ. ನಿನಗ ಬೇಕೇನು?"

ವಾಟಿ ಸರಿಯಿತು. ನಿಧಾನಕ್ಕೆ, ರೂಢಿ ಮಾಡಿದ ಹಾದಿಯಲ್ಲೇ, ಹೌದು ಎಂಬಲ್ಲಿಗೆ ಹೋಗಿ ನಿಂತಿತು.

ಬಿಸಿ ಹಂಚು ಮುಟ್ಟಿದವರಂತೆ ಮೂವರೂ ಬೆರಳು ಎತ್ತಿಬಿಟ್ಟೆವು. ಕಾಕಾ ಅಳಲಿಲ್ಲ. ಟಾರ್ಚು ಆರಿಸಿದರು. ಚೀಲ ಕಿತ್ತು ಬಿಸಿಲು ಒಳಗೆ ಬಿಟ್ಟು, "ಬೆವತೀರಿ, ಹೋಗಿ ನೀರು ಕುಡೀರಿ," ಎಂದರು. ವಾಟಿಯನ್ನು ಅಂಗಿಗೆ ಒರೆಸಿಕೊಂಡು ಮನೆಗೆ ಒಯ್ದರು ಎಂದು ನನ್ನ ನೆನಪು. ಅಲ್ಲೇ ಬಿಟ್ಟು ಹೋದರು ಎನ್ನುತ್ತಾಳೆ ಸವಿತಾ.

ಢಾಬಾದ ಹಿಂದೆ ನಾವು ಜಗಳಾಡಿದೆವು.

"ನಾ ಸರಸಿಲ್ಲ. ಅವರ ದನಿ ಕೇಳಿದ ಕೂಡ್ಲೇ ಕೈ ಹಗುರ ಮಾಡೀನಿ," ಎಂದಳು ಸವಿತಾ.

"ನಾನೂ ಇಲ್ಲ," ಎಂದೆ.

"ಮತ್ತ ನಾನೇನು? ಎಲ್ಲಾ ಕುರುಬರ ತಲಿಗೆ ಕಟ್ರಿ," ಎಂದ ಬೀರು.

"ನಡೀರಿ, ನಾಟಕ ಇತ್ತು ಅಂತ ಕಾಕಾಗ ಹೇಳಿಬಿಡೂನು."

"ಏನಂತ ಹೇಳ್ತಿ ಸವಿತಾ? ನಿಮ್ಮ ಮಗಳು ಬಂದಿದ್ದಿಲ್ಲ ಅಂತ? ಒಮ್ಮೆ ಸತ್ತಾಳ ಆಕಿ. ಇನ್ನೊಮ್ಮೆ ಸಾಯಿಸ್ತಿ ಏನು?" ಎಂದ ಬೀರು.

ಹೇಳಲಿಲ್ಲ. ಸಿನಿಮಾ ಅಲ್ಲಿಗೇ ನಿಂತಿತು. ಕಾಕಾ ನನ್ನನ್ನು ಬಸ್ ನಿಲ್ದಾಣದಲ್ಲಿ ಹಿಡಿದರು. "ಇನ್ನೊಂದು ಸಲ ಕುಂದರೂನು ತಮ್ಮಾ. ಬೇಕು ಅಂದಾಳ, ಎಲ್ಲಿ ಕೊಡಬೇಕು ಹೇಳಿಲ್ಲ. ಅಷ್ಟಽ ಕೇಳ್ರಿ." ಪರೀಕ್ಷೆ ಅದ ಕಾಕಾ, ಎಂದೆ. ಮರುವಾರ ಜ್ವರ ಎಂದೆ. ಮೂರನೆಯ ಸಲ ಅವರೇ ಕೈಯಾಡಿಸಿದರು. "ಬ್ಯಾಡ ಬಿಡು. ಅದು ಮಂದಿ ಕೈಲೆ ಕಳಸೂ ಸಾಮಾನಲ್ಲ. ನಾನಽ ಒಯ್ತೀನಿ."

ಕೆಲವು ದಿನಗಳ ಮೇಲೆ ಮಾಕಣಿಗೆ ಹೋಗಿ ಬಂದರು. ಡ್ಯಾಮಿನ ನೀರಿಗೆ ಲಿಂಗ ಬಿಟ್ಟು ಬಂದೆ ಎಂದು ಕಾಕುವಿಗೆ ಹೇಳಿದರಂತೆ. ನನಗೆ ಎದೆಯ ಮೇಲಿನ ಕಲ್ಲು ಇಳಿಯಿತು. ಸುಳ್ಳಿನಿಂದಲೇ ಆಗಲಿ, ಅವರಿಗೆ ಒಂದು ಮುಕ್ತಾಯ ಸಿಕ್ಕಿತಲ್ಲ ಎಂದುಕೊಂಡೆ. ಆ ಸಮಾಧಾನದಲ್ಲೇ ನಿಲಂಗಾದಲ್ಲಿ ಕೆಲಸ ಹಿಡಿದೆ. ಊರಿಗೆ ಬಂದಾಗ ಶೆಡ್ಡಿಗೆ ಇಣುಕುತ್ತಿದ್ದೆ. ಕಾಕಾ ಸೊರಗಿದ್ದರು, ಅಂಗಿ ಹ್ಯಾಂಗರಿನ ಮೇಲಿದ್ದಂತೆ ತೂಗುತ್ತಿತ್ತು. "ಸಕ್ಕರಿ ಅದಪಾ, ಗುಳಗಿ ನಡೆದಾವ," ಎನ್ನುತ್ತಿದ್ದರು. ಗೋಡೆಯ ಮೇಲಿನ ಅಕ್ಕನ ಕಣ್ಣಲ್ಲಿ ಬಿಳಿ ಚುಕ್ಕಿ ಇತ್ತು. ಯಾವಾಗ ಇಟ್ಟರೋ! ಮೊದಲೇ ಇತ್ತು, ನಾನೇ ಗಮನಿಸಿರಲಿಲ್ಲ ಎನ್ನಲೂ ಈಗ ಹೆದರಿಕೆ.

ಹೋದ ವರ್ಷ ಬೀರು ಫೋನು ಮಾಡಿದ. "ಕಾಕಾ ಹೋದ್ರು. ಲಗೂ ಬಾ." ನಿಲಂಗಾದಿಂದ ಬಂದು ಮುಟ್ಟಿದಾಗ ಮೈ ತೊಳೆಯಲು ಹೊರಗೆ ತಂದಿದ್ದರು. ನಾನೂ ಬೀರುವೂ ಹಿಡಿದು ಕೂಡಿಸಿದೆವು. ಬನಿಯನ್ನು ತೆಗೆದಾಗ ಕೊರಳಲ್ಲಿ ಎರಡು ಲಿಂಗದಕಾಯಿ. ಒಂದು ಅವರದು, ಉಜ್ಜಿ ಸವೆದದ್ದು. ಇನ್ನೊಂದು ಚಿಕ್ಕದು, ಅವತ್ತು ಅಕ್ಕ ಬಸ್ ಪಾಸಿನಂತೆ ಆಡಿಸಿದ್ದು.

ಕ್ರಿಯೆ ಮಾಡಲು ಬಂದ ಅಯ್ಯ ಕೈ ತಡೆದ. "ಒಂದು ಕಾಯಕ್ಕ ಒಂದಽ ಲಿಂಗ. ಎರಡ್ಹ್ಯಾಂಗ ಇಡ್ಲಿಕ್ಕೆ ಬರ್ತದ? ಇದನ್ನ ತಕ್ಕೊಳ್ರಿ."

ಬಾಗಿಲಲ್ಲಿ ಕೂತಿದ್ದ ಕಾಕು ಎದ್ದು ಬಂದರು. ಅಲ್ಲಿಯತನಕ ಅತ್ತಿದ್ದವರು ಆಗ ಅಳುತ್ತಿರಲಿಲ್ಲ. "ಎರಡೂ ಇಡ್ರಿ ಅಯ್ಯನವರ. ಆಕಿಗೆ ಬ್ಯಾರೆ ಕುಣಿ ಎಲ್ಲದ?"

ಅಯ್ಯ ಎರಡನ್ನೂ ಕಾಕಾನ ಎಡ ಅಂಗೈಯಲ್ಲಿಟ್ಟು ಬೆರಳು ಮಡಿಚಿದ. ನಾನು ಉಗುರು ನೋಡುತ್ತಿದ್ದೆ. ಕೆಂಪು ಹಾಗೇ ಇತ್ತು. ಅದು ಆ ಕೈಯಲ್ಲಿತ್ತೋ, ಇನ್ನೊಂದು ಕೈಯಲ್ಲೋ.

ಮಣ್ಣು ಮಾಡಿ ಬಂದ ಮೇಲೆ ಕಾಕು ನನ್ನನ್ನು ಶೆಡ್ಡಿಗೆ ಕರೆದು ಒಂದು ಬಣ್ಣದ ಡಬ್ಬಿ ತೆರೆದರು. ಒಳಗೆ ಸಕ್ಕರೆ ಕಾಯಿಲೆಯ ಗುಳಿಗೆಯ ಪಟ್ಟಿಗಳು, ಒಂದನ್ನೂ ಒಡೆದಿರಲಿಲ್ಲ. ಕಾಕುವೇ ತಿಂಗಳು ತಿಂಗಳು ಉಮರ್ಗಾದಿಂದ ತರಿಸಿ ಕೊಟ್ಟವು.

"ದಿನಾ ಕೇಳ್ತಿದ್ದೆ, ನುಂಗಿದ್ರೇನ್ರೀ ಅಂತ. ಹೂಂ ಅಂತಿದ್ರು. ಲಿಂಗ ನೀರಿಗೆ ಬಿಟ್ಟೀನಿ ಅಂದಿದ್ರು. ಮರವು ಭಾಳ ಆಗಿತ್ತು ಅವರಿಗೆ, ಅದೂ ಖರೇನಽ." ನನ್ನ ಮುಖ ನೋಡಿದರು. "ನಿಮ್ಮ ಜೋಡಿ ಕುಂದರ್ತಿದ್ರು ನೋಡು. ನಿಮ್ಮ ಮುಂದ ಏನರೇ ಅಂದಿದ್ರೇನು? ನಿಮ್ಮ ಕಡೆ ಏನರೇ ಆಗಿತ್ತೇನು?"

"ಇಲ್ಲ ಕಾಕು," ಎಂದೆ.

ಅವತ್ತು ಸಂಜೆ ಬೀರು ಆ ಹಳೆಯ ವಿಡಿಯೋ ತೋರಿಸಿದ, ಅಳಿಸಿರಲಿಲ್ಲ. ಅರ್ಧ ನಿಮಿಷ. ಕಾಕಾನ ಮಾತು ಸರಿಯಾಗಿ ಕೇಳಿಸುವುದಿಲ್ಲ, ಹೊರಗೆ ಲಾರಿಯ ಹಾರ್ನು. ನಾನು ಮೇಲೆ ಬರೆದದ್ದು ಅವರ ಮಾತೋ, ನನ್ನ ಕಿವಿಯೇ ಹೊಸೆದುಕೊಂಡದ್ದೋ. ಕೆಂಪು ಬೆಳಕಿನಲ್ಲಿ ವಾಟಿ ಸರಿಯುತ್ತದೆ. ನಿಲ್ಲಿಸಿ, ದೊಡ್ಡದು ಮಾಡಿ ನೋಡಿದೆವು. ಮೂರು ಬೆರಳ ಉಗುರೂ ಒತ್ತಿ ಹಿಡಿದಂತೆ ಬೆಳ್ಳಗಾಗಿವೆ. ಮೂರೂ ಒಂದೇ ಸಮ.

ಸರಿಸಿದ್ದು ನಾನೋ, ಮೂವರೋ ಗೊತ್ತಿಲ್ಲ. ಕಾಕಾ ಅದನ್ನು ನಂಬಿದರೋ ಇಲ್ಲವೋ ಗೊತ್ತಿಲ್ಲ. ನಂಬದೆಯೂ ಮಗಳ ಲಿಂಗವನ್ನು ಕೊರಳಲ್ಲಿ ಕಟ್ಟಿಕೊಂಡಿರಬಹುದು, ಅಪ್ಪನಾದವನಿಗೆ ಅದಕ್ಕೆ ಹಲಗೆ ಬೇಕಿಲ್ಲ. ಕಾಕುವಿಗೆ ಇಲ್ಲ ಎಂದವನು ನಾನೊಬ್ಬನೇ, ಅದರ ಮೇಲೆ ಬೇರೆ ಯಾರ ಬೆರಳೂ ಇರಲಿಲ್ಲ. ಆ ಗುಳಿಗೆಗಳನ್ನು ಕಾಕಾ ಮರೆತರೋ, ಬೇಕೆಂದೇ ಬಿಟ್ಟರೋ, ನನಗೆ ಗೊತ್ತಿಲ್ಲ.