ಬಣ್ಣ ಹೇಳಿ, ಓದಬೇಡಿ

ಬೆಳಿಗ್ಗೆ ನೀರು ಬರುವ ಮೊದಲು ಡ್ರಮ್ ತೊಳೆದೆ. ಕುಚ್ಚಲಕ್ಕಿ ಕುಕ್ಕರಿಗಿಟ್ಟೆ. ಇವರಿಗೆ ಬಿಪಿ ಮಾತ್ರೆ ಕೊಟ್ಟು, ನುಂಗಿದ್ದನ್ನು ನೋಡಿದೆ. ಮಗಳ ಡಬ್ಬಿಗೆ ಚಪಾತಿ, ಬೆಂಡೆಕಾಯಿ ಪಲ್ಯ ಹಾಕಿದೆ. ಬಟ್ಟೆ ಒಗೆದು ಕಿಟಕಿಯ ಸರಿಗೆಗೆ ಹರವಿದೆ. ಆಮೇಲೆ ದಹಿಸರ್‌ನಲ್ಲಿ ಲೋಕಲ್ ರೈಲು ಹತ್ತಿ ಇವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದೆ. ಆ ಕೊನೆಯದೊಂದು ಬಿಟ್ಟು ಉಳಿದ ಕೆಲಸಗಳೆಲ್ಲ ಸರಿಯಾಗಿಯೇ ಆದವು.

ಇವರು ಎಂದರೆ ನನ್ನ ಯಜಮಾನರು. ವಿಲೆ ಪಾರ್ಲೆ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲೊಂದರಲ್ಲಿ ಇಪ್ಪತ್ತಾರು ವರ್ಷ ಕಾಫಿ, ಚಹಾ ಮಾಡಿದವರು. ದಿನಾ ಬರುವ ಗಿರಾಕಿ ಮೆಟ್ಟಿಲು ಹತ್ತುವಾಗಲೇ ಅವನ ಲೋಟ ತಯಾರು. ಯಾರಿಗೆ ಕಡಕ್, ಯಾರಿಗೆ ಸಕ್ಕರೆ ಎರಡು ಚಮಚ ಎಂದು ಕೇಳುವುದೇ ಇಲ್ಲ. ಅದು ಅವರ ಹೆಮ್ಮೆ. ಮಳೆಗಾಲಕ್ಕೆ ಮೊದಲು ಸಣ್ಣದೊಂದು ಸ್ಟ್ರೋಕ್ ಆಯಿತು. ಕೈಕಾಲು ಉಳಿದವು, ಮಾತೂ ಉಳಿಯಿತು. ಮರಳಿ ಕೆಲಸಕ್ಕೆ ನಿಂತಾಗ ಹಳೆಯ ಗಿರಾಕಿಯೊಬ್ಬರು ಎದುರಿಗೇ, "ನನಗೀಗ ಶುಗರ್, ಸಕ್ಕರೆ ಬೇಡ" ಎಂದರೂ ಇವರ ಕೈ ಎರಡು ಚಮಚ ಹಾಕಿತು. ಮರುದಿನವೂ ಹಾಕಿತು. ಮೂರನೆಯ ದಿನ ಹೋಟೆಲಿನ ಧನಿಗಳು ಕರೆದರು.

"ಅಣ್ಣ, ಬೇಜಾರು ಮಾಡ್ಬೇಡಿ. ಎಲ್ಲ ಸರಿ ಉಂಟು ಅಂತ ಡಾಕ್ಟ್ರ ಚೀಟಿ ತನ್ನಿ, ಮತ್ತೆ ನಿಲ್ಲಿ."

ಆ ಚೀಟಿಗಾಗಿ ಎರಡು ವಾರದ ಹಿಂದೆ ಮೊದಲ ಸಲ ಹೋದಾಗ ಡಾಕ್ಟರಮ್ಮ ಒಂದು ಹಾಳೆ ಮುಂದಿಟ್ಟರು. ಹಿಂದಿಯಲ್ಲಿ ಬಣ್ಣಗಳ ಹೆಸರು. ಆದರೆ ಕೆಂಪು ಎಂಬುದನ್ನು ಹಸಿರಿನಲ್ಲಿ ಅಚ್ಚು ಮಾಡಿದ್ದರು, ನೀಲಿ ಎಂಬುದನ್ನು ಹಳದಿಯಲ್ಲಿ. ಬರೆದದ್ದನ್ನು ಓದಬಾರದು, ಅಕ್ಷರದ ಬಣ್ಣ ಹೇಳಬೇಕು. ಇವರು ಓದುತ್ತಲೇ ಹೋದರು. ಹದಿನೈದು ದಿನ ಬಿಟ್ಟು ಬನ್ನಿ ಎಂದರು ಡಾಕ್ಟರಮ್ಮ.

ನಾನು ಮಗಳ ಸ್ಕೆಚ್ ಪೆನ್ನಿನಿಂದ ಕ್ಯಾಲೆಂಡರಿನ ಹಿಂಬದಿಯಲ್ಲಿ ಅದನ್ನೇ ಕನ್ನಡದಲ್ಲಿ ಬರೆದೆ. ದಿನಾ ಸಂಜೆ ಅಡುಗೆಮನೆಯ ನೆಲದಲ್ಲಿ ಕೂತು ಅಭ್ಯಾಸ.

"ಇದೆಂತ ಬಣ್ಣ ಹೇಳಿ."

"ಕೆಂಪು."

"ಸರಿ ನೋಡಿ ಮಾರಾಯ್ರೆ."

"ಕೆಂಪು ಅಂತ ನೀನೇ ಬರ್ದದ್ದಲ್ವಾ? ಬರೆಯುವಾಗ ಕಣ್ಣು ಎಲ್ಲಿತ್ತು ನಿಂದು?"

ಕಾಲೇಜಿನಿಂದ ಬಂದ ಮಗಳು ಹೆಗಲ ಚೀಲವನ್ನೂ ಇಳಿಸದೆ ಬಗ್ಗಿ ನೋಡಿ, "ಹಸಿರು, ಹಳದಿ, ನೀಲಿ, ಕೆಂಪು" ಎಂದು ಫಟಾಫಟ್ ಮುಗಿಸಿದಳು. "ಪಪ್ಪಾ, ಇತ್ನಾ ಈಸಿ ಹೈ! ನೀವು ಯಾಕೆ ತಪ್ಪು ಹೇಳ್ತೀರಿ?"

"ನಿಂಗೆ ಓದ್ಲಿಕ್ಕೆ ಬರುದಿಲ್ಲ, ಅದಕ್ಕೇ ಪಾಸು," ಎಂದರು ಇವರು.

ಮೂವರೂ ನಕ್ಕೆವು. ಅವಳಿಗೆ ಕನ್ನಡದ ಮಾತು ಒಂದಿಷ್ಟು ಬರುತ್ತದೆ, ಅಕ್ಷರ ಬಾರದು. ನನ್ನ ಬರಹ ಅವಳಿಗೆ ಬರೀ ಬಣ್ಣದ ಗೆರೆ. ನಾನೂ ಹೇಳಿ ನೋಡಿದೆ. ಪ್ರತಿಯೊಂದಕ್ಕೂ ನಾಲಗೆ ತಡವರಿಸಿತು, ಆದರೂ ಬಣ್ಣವನ್ನೇ ಹೇಳಿದೆ. ಇವರ ನಾಲಗೆ ತಡವರಿಸುವುದೇ ಇಲ್ಲ, ಸಲೀಸಾಗಿ ತಪ್ಪು ಹೇಳುತ್ತದೆ. ನನಗೆ ಹೆದರಿಕೆ ಶುರುವಾದದ್ದು ಅಲ್ಲಿಂದ.

ಇಂದು ಡಾಕ್ಟರಮ್ಮ, "ಕಾಕಾ, ಪಢ್‌ನಾ ನಹೀ, ಸಿರ್ಫ್ ರಂಗ್" ಎಂದು ಎರಡು ಸಲ ಹೇಳಿದರು. ಇವರು ತಲೆಯಾಡಿಸಿದರು. ಮೊದಲ ಎರಡು ಸರಿಯಾದವು. ನಾನು ಸೆರಗು ಹಿಡಿದುಕೊಂಡಿದ್ದೆ. ಮೂರನೆಯದರಿಂದ ಮತ್ತೆ ಓದು, ಹಾಳೆ ಮುಗಿಯುವವರೆಗೂ. ಮುಗಿಸಿ ನನ್ನ ಕಡೆ ನೋಡಿದರು, ಪಾಸಾದವರ ಹಾಗೆ.

ತಡೆಯಲಾರದೆ ನನ್ನ ಹರಕು ಹಿಂದಿಯಲ್ಲಿ ಕೇಳಿದೆ, ಇವರಿಗೆ ತಮಿಳು ಓದಲು ಬಾರದು, ತಮಿಳಿನ ಹಾಳೆ ಇದ್ದರೆ ಕೊಡುತ್ತೀರಾ ಎಂದು. ಅವರು ನಗಲಿಲ್ಲ. ಹಾಗಾದರೆ ಎಲ್ಲರೂ ಪಾಸಾಗುತ್ತಾರೆ, ತಾನಾಗಿ ಬಾಯಿಗೆ ಬಂದದ್ದನ್ನು ತಡೆಹಿಡಿಯಲು ಆಗುತ್ತದೋ ಇಲ್ಲವೋ ಎಂಬುದನ್ನೇ ನಾವು ನೋಡುವುದು ಎಂದರು. ಇನ್ನು ಹೆಚ್ಚು ಗುಣ ಕಾಣುವ ಭರವಸೆ ಕೊಡಲಾರೆ ಎಂದೂ ಹೇಳಿದರು. ಚೀಟಿಯಲ್ಲಿ ಬರೆದದ್ದು ಇಷ್ಟು: ಒಲೆಯ ಮುಂದಿನ, ಗಡಿಬಿಡಿಯ ಕೆಲಸ ಬೇಡ.

ಮನೆಗೆ ಬಂದು ಧನಿಗಳಿಗೆ ಫೋನು ಮಾಡಿದೆ. "ಆ ಜಾಗಕ್ಕೆ ಬೇರೆಯವರನ್ನು ಇಟ್ಟಾಯ್ತು ಅಕ್ಕ. ಎಷ್ಟೂಂತ ಕಾಯುದು?" ಎಂದರು. ಒರಟಾಗಿ ಹೇಳಲಿಲ್ಲ.

"ಎಂತ ಅಂದ್ರು? ಸೋಮವಾರದಿಂದಲಾ?" ಎಂದು ಇವರು ಕೇಳಿದರು. ಹೇಳಿದೆ.

ರಾತ್ರಿಗೆ ಗಂಜಿ, ಹುರುಳಿ ಚಟ್ನಿ, ಸುಟ್ಟ ಹಪ್ಪಳ. ಮಗಳು ಹಪ್ಪಳ ಮಾತ್ರ ತಿಂದಳು. ಮೊದಲು ನಿದ್ದೆ ಹೋದವರು ಇವರು, ಗಂಟೆ ಎಂಟೂ ಆಗಿರಲಿಲ್ಲ.