ಶಿವನಂಜಮ್ಮ ನೆಟ್ಟ ನೀರುಹುಲ್ಲು

ಕಿರುಗಾವಲಿನ ಹತ್ತಿರದ ಹಳ್ಳಿಯೊಂದರಲ್ಲಿ ಬಾಳಿದ ಶಿವನಂಜಮ್ಮನಿಗೆ ಕೆರೆಯೆಂದರೆ ಹಿತ್ತಿಲಿದ್ದಂತೆ. ಬಟ್ಟೆ ಒಗೆದದ್ದು, ಎಮ್ಮೆ ತೊಳೆದದ್ದು ಎಲ್ಲ ಅಲ್ಲೇ. ಅಂಥವಳು ಆ ಕೆರೆಗೆ ಹೆದರುವಂತಾದದ್ದು ಒಂದು ಹುಲ್ಲಿನಿಂದ.

ಎರಡನೆಯ ಮಹಾಯುದ್ಧ ಶುರುವಾದ ವರ್ಷ, ಬ್ಲಫ್‌ನ ವಿದ್ಯುತ್ ಕೇಂದ್ರದ ಕಡೆ ಕೂಲಿಗಿದ್ದ ಅವಳ ತಮ್ಮ ಕರಿಯಯ್ಯ ಹಸಿಹುಲ್ಲಿನ ಹೊರೆಯೊಂದನ್ನು ಹೊತ್ತು ತಂದ.

"ನೀರಂಚ್ಗೆ ನೆಟ್ಬುಡಕ್ಕ. ಬ್ಯಾಸ್ಗೇಲೂ ಒಣಗಕಿಲ್ಲ. ಎಮ್ಮೆಗೆ ವರ್ಸೆಲ್ಲ ಅಸಿರುಲ್ಲು ಕಣಕ್ಕ," ಅಂದ.

ನೆಟ್ಟಳು. ಎಮ್ಮೆ ಆಸೆಪಟ್ಟು ತಿಂದಿತು, ಹಾಲೂ ಹೆಚ್ಚಿತು. ಆದರೆ ಎರಡನೆಯ ಮಳೆಗಾಲಕ್ಕೆ ಹುಲ್ಲು ದಡ ಬಿಟ್ಟು ನೀರಿನ ಮೇಲೆ ಹಬ್ಬತೊಡಗಿತು. ಗಿಣ್ಣುಗಿಣ್ಣಿಗೂ ಬೇರು ಬಿಟ್ಟು, ಒಂದಕ್ಕೊಂದು ಹೆಣೆದುಕೊಂಡು ಚಾಪೆಯಾಯಿತು. ಅದರಡಿ ತಾವರೆ ಕೊಳೆಯಿತು. ನೀರುಕೋಳಿಗಳು ಬರುವುದು ನಿಂತಿತು. ಕುಯ್ದರೆ ತುಂಡುಗಳು ತೇಲಿಹೋಗಿ ಆಚೆ ದಡದಲ್ಲಿ ಚಿಗುರುತ್ತಿದ್ದವು. ಬೆಳಗಾದರೆ ಅದು ಎಲ್ಲಿಯವರೆಗೆ ಬಂದಿದೆಯೆಂದು ನೋಡಲೇ ಅವಳಿಗೆ ಭಯವಾಗುತ್ತಿತ್ತು.

"ಕುಯ್ದಷ್ಟೂ ಉಟ್ತದಲ್ಲೇ ಅಂಕಿ, ಏನ್ ತಂದಿಕ್ಬುಟ್ನೋ ಇವ್ನು," ಎಂದು ಓರಗಿತ್ತಿ ಅಂಕಮ್ಮನ ಬಳಿ ಅಲವತ್ತುಕೊಂಡಳು.

ಸುಗ್ಗಿ ಕಳೆದ ಮೇಲೊಂದು ಮಧ್ಯಾಹ್ನ ಎಮ್ಮೆಗರು ಹಗ್ಗ ಬಿಚ್ಚಿಕೊಂಡು ಮೇಯುತ್ತ ಆ ಹಸಿರಿನ ಮೇಲೆ ನಡೆದುಬಿಟ್ಟಿತು. ಮೊದಲು ಹುಲ್ಲು ಅದರ ಭಾರ ತಡೆದುಕೊಂಡಿತು. ಕುಡುಗೋಲು ಹಿಡಿದಿದ್ದ ಶಿವನಂಜಮ್ಮ ಕೂಗುತ್ತ ಹಿಂದೆ ಹೋದಳು. ಕಾಲ ಕೆಳಗೆ ಎಲ್ಲವೂ ಅಲುಗಾಡಿತು. ಕರು ಮುಂಗಾಲೂರಿ ಬಿದ್ದು ಕಾಣದಾಯಿತು. ಮರುಗಳಿಗೆ ಅವಳೂ ಒಳಗಿದ್ದಳು.

ಕತ್ತಲು. ಕೊಳೆತ ವಾಸನೆಯ ನೀರು. ಕಾಲಿಗೆ ದಂಟುಗಳು ಸುತ್ತಿಕೊಂಡಿದ್ದವು. ಮೇಲೆದ್ದರೆ ತಲೆಗೆ ಬೇರಿನ ಸೂರು ತಾಗಿತು. ಗಾಳಿಯಿಲ್ಲ. ಬುದ್ಧಿ ಓಡದೆ ಕೈಯಲ್ಲಿದ್ದ ಕುಡುಗೋಲನ್ನು ಮೇಲಕ್ಕೆ ಬೀಸಿದಳು, ಮತ್ತೆ ಮತ್ತೆ ಬೀಸಿದಳು. ಸೀಳಿದ ಜಾಗದಲ್ಲಿ ಬೆಳಕು ಕಂಡಿತು. ತಲೆ ಹೊರಗೆ ಬಂತು.

ಕೂಗು ಕೇಳಿ ಓಡಿಬಂದಿದ್ದ ಅಂಕಮ್ಮ ದಡದಿಂದ ಅರಚುತ್ತಿದ್ದಳು: "ಅಕ್ಕಯ್ಯಾ, ನಿಂತ್ಕಬ್ಯಾಡ! ಮಕಾಡೆ ಮನಿಕೊ! ಉಲ್ಲ ತಬ್ಕೊ!"

ಯಾವ ಹುಲ್ಲು ಮುಳುಗಿಸಿತ್ತೋ ಅದನ್ನೇ ತಬ್ಬಿ ಮಲಗಿದಳು. ಅಂಕಮ್ಮ ಎಸೆದ ಹಗ್ಗ ಹಿಡಿದು ತೆವಳುತ್ತ ದಡ ಸೇರಿದಳು. ಕರು ಮಾತ್ರ ಮೇಲೆ ಬರಲೇ ಇಲ್ಲ.

ಆ ರಾತ್ರಿ ಹಿಡಿದ ಜ್ವರ ಬಿಟ್ಟ ಮೇಲೂ ಅವಳ ಭಯ ಬಿಡಲಿಲ್ಲ. ಭತ್ತದ ಸಸಿಮಡಿಯ ಬದುವಿನ ಮೇಲೂ ನಡೆಯದೆ ಸುತ್ತು ಹಾಕಿ ಹೋಗುತ್ತಿದ್ದಳು. ಬೇಸಗೆಯಲ್ಲಿ ಊರವರೆಲ್ಲ ತೂಬು ಎತ್ತಿ, ಕೆರೆ ಬಸಿದು, ಹುಲ್ಲು ಕೀಳಲು ನಿಂತಾಗ ಏರಿಯ ಮೇಲೆಯೇ ಉಳಿದಳು. ಕೊನೆಗೆ ಸೊಂಟಕ್ಕೆ ಹಗ್ಗ ಬಿಗಿದು, ಇನ್ನೊಂದು ತುದಿಯನ್ನು ಅಂಕಮ್ಮನ ಕೈಗೆ ಕೊಟ್ಟಳು.

"ಅಗ್ಗ ಬುಟ್ಟೀಯ ಕಣೇ."

"ಬುಡಕಿಲ್ಲ ಓಗು."

ಕೆಸರಿಗಿಳಿದ ಅವಳಿಗೆ ಕರು ಸಿಕ್ಕಿತು, ಬರಿಯ ಮೂಳೆ. ಪಕ್ಕೆಲುಬುಗಳ ನಡುವೆ ಬಿಳಿ ಬೇರುಗಳು ತುಂಬಿಕೊಂಡಿದ್ದವು. ಶಿವನಂಜಮ್ಮ ಕೂತು ಒಂದೊಂದೇ ಬೇರನ್ನು ಬಿಡಿಸಿದಳು. ಕಿತ್ತ ಹುಲ್ಲನ್ನು ಬಂಡೆಯ ಮೇಲೆ ಒಣಗಿಸಿ ಸುಟ್ಟರು.

ಮಳೆ ಬಂತು, ಕೆರೆ ತುಂಬಿತು. ನಡುನೀರು ತಿಳಿಯಾಗಿತ್ತು. ಆದರೆ ತೂಬಿನಿಂದ ಹರಿದುಹೋಗಿದ್ದ ತುಂಡುಗಳು ಕೆಳಗಿನ ಊರಿನ ಕೆರೆಯಂಚಿನಲ್ಲಿ ಹಸಿರಾಗಿ ಎದ್ದಿದ್ದವು. ಸುದ್ದಿ ಕೇಳಿದ ದಿನವೇ ಶಿವನಂಜಮ್ಮ ಕುಡುಗೋಲು ಮನೆಯಲ್ಲಿಟ್ಟು, ಬೇರುಸಮೇತ ಅಗೆಯಲು ಗುದ್ದಲಿ ಹೊತ್ತು ಆ ಊರಿಗೆ ಹೊರಟಳು.